ತಾಟಿಗೆ ಅಡ್ಡ ಹಿಡಿದ ಕೈ

ಸಿಂಧನೂರಿನ ಡಾಕ್ಟರ ಹತ್ತಿರ ಹೊರಟ ದಿನ ಸೂಗಮ್ಮ ತನ್ನ ಕೈಚೀಲದಲ್ಲಿ ಎರಡು ರಕ್ತಪರೀಕ್ಷೆಯ ಕಾಗದ ಇಟ್ಟುಕೊಂಡಿದ್ದಳು. ಒಂದು ತನ್ನದು, ಮೊನ್ನೆಯಷ್ಟೇ ಬಂದದ್ದು. ಇನ್ನೊಂದು ತೀರಿಹೋದ ಗಂಡ ಅಮರಗುಂಡಪ್ಪನದು. ಅದು ಮಡಿಚಿದ ಗೆರೆಗಳಲ್ಲಿ ಹರಿಯಲಿಕ್ಕೆ ಬಂದಿತ್ತು.

"ಮಾವನೋರದು ಈಗ್ಯಾಕ್ರಿ ಅತ್ತೀ?" ಎಂದು ಸೊಸೆ ಅಶ್ವಿನಿ ಕೇಳಿದಳು.

"ಇರಲಿ ಬೇ. ಡಾಕ್ಟರಿಗೆ ಹೋಲಿಸಿ ನೋಡಾಕ ಬರತೈತಿ. ಅವರದು ನನ್ನದಕ್ಕಿಂತ ಭಾಳ ಇತ್ತು."

ಆ ಮಾತಿನಲ್ಲಿ ದುಃಖವಿತ್ತು. ಅದರ ಅಡಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಗಂಡನ ರಕ್ತದಲ್ಲಿ ಕೊಬ್ಬು ತುಂಬಿದೆ ಎಂದು ಮೊದಲು ಕಂಡುಹಿಡಿದವಳು ತಾನು, ತುಪ್ಪ ಎಣ್ಣೆ ಬಂದ್ ಮಾಡಿ ಎರಡು ವರ್ಷ ಕಾಪಾಡಿದವಳು ತಾನು ಎಂಬ ಹೆಮ್ಮೆ. ಮಸ್ಕಿಯ ಬಜಾರಿಗೆ ಬಿ.ಎ. ಓದಿ ಬಂದ ಮೊದಲ ಸೊಸೆ ಅವಳು. ಓಣಿಯವರ ಔಷಧಿ ಚೀಟಿ, ಬ್ಯಾಂಕಿನ ನೋಟೀಸು, ಕರೆಂಟಿನ ಬಿಲ್ಲು ಎಲ್ಲ ಅವಳ ಕಟ್ಟೆಗೇ ಬರುತ್ತಿದ್ದವು. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತ ಅಮರಗುಂಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದ, "ನನಗೇನು ತಿಳೀತೈತ್ರಿ? ನಮ್ಮನ್ಯಾಕಿ ಓದಿದಾಕಿ. ಆಕೀನ ಕೇಳ್ರಿ." ಹಾಗಾಗಿ ಅವನ ರಕ್ತದ ಕಾಗದ ಬಂದಾಗಲೂ ಅದನ್ನು ಓದಿದವಳು ಸೂಗಮ್ಮನೇ. ಇನ್ನೊಬ್ಬರಿಗೆ ತೋರಿಸಬೇಕು ಅಂತ ಅವಳಿಗೆ ಅನಿಸಿರಲಿಲ್ಲ.

ಸಿಂಧನೂರಿನ ಡಾಕ್ಟರಮ್ಮ ಇನ್ನೂ ಎಳೆ ವಯಸ್ಸಿನವಳು, ಕಾಲುವೆ ಸೀಮೆಯ ಹಳ್ಳಿಯವಳೇ. ಮೆಟ್ಟಿಲು ಹತ್ತಿ ಬಂದ ಸೂಗಮ್ಮನ ಏದುಸಿರು ಇಳಿಯುವವರೆಗೆ ಏನೂ ಕೇಳದೆ, ತಾನೇ ಎದ್ದುಹೋಗಿ ಫ್ಯಾನು ಜೋರು ಮಾಡಿ ಬಂದಳು. ಆಮೇಲೆ ಕಾಗದ ಬಿಡಿಸಿದಳು.

"ರಾತ್ರಿ ಉಂಡಮ್ಯಾಲ ಏನೂ ತಗೊಳ್ಳದ ರಕ್ತ ಕೊಟ್ರೇನ್ರಿ ಅಮ್ಮ?"

"ಹೌದ್ರಿ. ಬರೀ ನೀರು. ಈಕಿ ಚಾಪುಡಿ ಡಬ್ಬಿನ ಬಚ್ಚಿಟ್ಟಿದ್ಲು."

"ಬಚ್ಚಿಡದಿದ್ರ ನೀವು ಬಿಡತಿದ್ರೇನ್ರಿ?" ಎಂದಳು ಅಶ್ವಿನಿ. ಡಾಕ್ಟರಮ್ಮನೂ ನಕ್ಕಳು.

ನಕ್ಕು, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸತೊಡಗಿದಳು. "ಇದು ಎಲ್‌ಡಿಎಲ್. ಕಾಲುವಿ ಹೂಳು ಅಂತ ತಿಳ್ಕೊರಿ. ನೀರು ಹರೀತಾನ ಇರತೈತಿ, ಇದು ಮೆಲ್ಲಕ ದಂಡಿಗೆ ಹತ್ತಿಕೊಂತ ಹೋಗತೈತಿ. ವರ್ಷಾನುಗಟ್ಟಲೆ ನಮಗ ಗೊತ್ತ ಆಗಂಗಿಲ್ಲ. ನಿಮಗ ಜಾಸ್ತಿ ಇರೋದು ಇದು. ಇದಕ್ಕ ಗುಳಗಿ ಬರದು ಕೊಡತೀನಿ. ಇದು ಎಚ್‌ಡಿಎಲ್, ಹೂಳು ಎತ್ತೋ ಮಂದಿ ಇದ್ದಂಗ. ಕಡಿಮಿ ಇರಬಾರದು. ನಿಮ್ಮದು ಪರವಾಗಿಲ್ಲ. ಇನ್ನ ಇದು ಟ್ರೈಗ್ಲಿಸರೈಡ್. ನಾವು ಉಂಡಿದ್ದು ಕೊಬ್ಬಾಗಿ ರಕ್ತದಾಗ ಹೊಂಟಿರತೈತಲ್ಲ, ಅದು. ಇದೂ ಬರೋಬ್ಬರಿ ಐತಿ."

"ಹಂಗಾರ ತುಪ್ಪ ಪೂರಾ ಬಂದ್ ಮಾಡಲೇನ್ರಿ?"

"ಪೂರಾ ಯಾಕ್ರಿ? ದಿನಕ್ಕ ಒಂದು ಸಣ್ಣ ಚಮಚ ಹಾಕ್ಕೊರಿ. ಮಿರ್ಚಿ ಭಜಿ ಬಿಡ್ರಿ. ಸಂಜಿಮುಂದ ಸ್ವಲ್ಪ ಅಡ್ಡಾಡ್ರಿ. ಗುಳಗಿ ಮಾತ್ರ, ಮುಂದಿನ ಸಲ ಚಲೋ ಬಂತಂತ ನೀವಾ ನಿಲ್ಲಿಸಬ್ಯಾಡ್ರಿ."

ಒಂದು ಚಮಚ! ಸೂಗಮ್ಮನಿಗೆ ಸೋಜಿಗವೆನಿಸಿತು. "ನಮ್ಮ ಮನೆಯವರಿಗೆ ನಾ ಒಂದು ಹನಿ ಸೈತ ಕೊಡಲಿಲ್ಲರಿ," ಎಂದು ಚೀಲದಿಂದ ಹಳೆಯ ಕಾಗದ ತೆಗೆದು ಮುಂದಿಟ್ಟಳು. "ಅವರದು ನೋಡ್ರಿ ಎಷ್ಟಿತ್ತು."

ಟ್ರೈಗ್ಲಿಸರೈಡಿನ ಸಾಲಿನಲ್ಲಿ ನಾನೂರಾ ಎಂಬತ್ತಾರು ಎಂದಿತ್ತು. ಎಲ್‌ಡಿಎಲ್ ಸಾಲು ಖಾಲಿ ಇತ್ತು. ಆ ಖಾಲಿ ಜಾಗವನ್ನು ಸೂಗಮ್ಮ ಎಷ್ಟು ಸಲ ನೋಡಿದ್ದಳೋ. ಬರೆಯಲಿಕ್ಕೂ ಬಾರದಷ್ಟು ಕೆಟ್ಟಿರಬೇಕು, ಪಾಪ, ಬರೆಯುವವರಿಗೆ ಮನಸ್ಸು ಬಂದಿಲ್ಲ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಸಂಖ್ಯೆಗಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತ್ತು.

ಡಾಕ್ಟರಮ್ಮ ಸಂಖ್ಯೆಯನ್ನು ಬಿಟ್ಟು ಕಾಗದದ ಮೇಲಿನ ಮೂಲೆಯಲ್ಲಿದ್ದ ವೇಳೆ ನೋಡಿದಳು. "ರಕ್ತ ಮಧ್ಯಾಹ್ನ ತಗೊಂಡಾರ. ಅವತ್ತು ಅವರು ಏನಾರ ಉಂಡಿದ್ರೇನ್ರಿ?"

ಲಿಂಗಸುಗೂರಿನ ಒಂದು ಮಠದಲ್ಲಿ ಉಚಿತ ತಪಾಸಣೆ ಶಿಬಿರ ಇಟ್ಟಿದ್ದ ದಿನ ಅದು. ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಬನ್ನಿ ಎಂದು ಹೇಳಿದ್ದರು. ಎಲ್ಲರೂ ಹಾಗೇ ಬಂದಿದ್ದರು. ಆದರೆ ರಕ್ತ ತೆಗೆಯುವವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಬಿಸಿಲು ಏರಿತು. ಬೇವಿನ ಗಿಡದ ಕೆಳಗೆ ಹಳ್ಳಿಗಳಿಂದ ಬಂದ ಮುದುಕರು ಬಾಡಿ ಕೂತಿದ್ದರು. ಒಬ್ಬ ಅಜ್ಜಿಗೆ ಕಣ್ಣು ಕತ್ತಲೆ ಬಂತು. ಅದನ್ನು ಕಂಡ ಮಠದ ಹಿರಿಯ ಸ್ವಾಮಿಗಳು ತಾವೇ ಹೊರಗೆ ಬಂದು, "ಹಸಿದ ಜೀವಗಳನ್ನ ಹಿಂಗ ಕುಂದ್ರಿಸಬಾರದು. ಮೊದಲು ಪ್ರಸಾದ ಆಗಲಿ" ಅಂದರು. ಮಠದಲ್ಲಿ ಪ್ರಸಾದಕ್ಕೆ ಕರೆದರೆ ಒಲ್ಲೆ ಎನ್ನುವವರು ಯಾರು? ಸಾಲು ಕೂತಿತು. ಗೋಧಿ ಹುಗ್ಗಿ ಬಂತು, ಹುಗ್ಗಿಯ ಮೇಲೆ ತುಪ್ಪ ಬಂತು.

ಅಮರಗುಂಡಪ್ಪ ಒಬ್ಬನೇ ಅನುಮಾನಿಸಿದ್ದ. "ರಕ್ತ ಕೊಟ್ಟು ಉಣತೀನಿ ಬೇ" ಅಂದಿದ್ದ.

"ಅಪ್ಪಗಳು ಖುದ್ದ ಬಂದು ಹೇಳ್ಯಾರ. ಪ್ರಸಾದ ಊಟದ ಲೆಕ್ಕಕ್ಕ ಬರಂಗಿಲ್ಲ, ಸುಮ್ಮನ ಉಣ್ರಿ," ಎಂದು ಅವಳೇ ಗದರಿಸಿದ್ದಳು. ಗದರಿಸಿ, ಬಡಿಸುವವನನ್ನು ಕರೆದು ಗಂಡನ ತಾಟಿಗೆ ಇನ್ನೊಂದು ಸೌಟು ತುಪ್ಪ ಹಾಕಿಸಿದ್ದಳು. ಮಠದ ತಾಟಿನಲ್ಲಿ ಏನೂ ಬಿಡುವಂತಿಲ್ಲ. ಅವನು ತಾಟು ತೊಳೆದು ಆ ನೀರನ್ನೂ ಕುಡಿದು ಎದ್ದ. ಕೈ ಒರೆಸುವಷ್ಟರಲ್ಲಿ ಗಾಡಿ ಬಂತು. ಸಾಲಿನಲ್ಲಿ ಅವನ ಸರದಿ ಬರಲು ಮತ್ತೆ ಎರಡು ಮೂರು ತಾಸು ಹಿಡಿಯಿತು. ತಡವಾಗಿ ಬಂದವರಿಗೆ ಅವಸರ. ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಇದನ್ನೆಲ್ಲ ಡಾಕ್ಟರಮ್ಮನ ಮುಂದೆ ಹೇಳುತ್ತ ಹೇಳುತ್ತ, ಹುಗ್ಗಿಯ ಹತ್ತಿರ ಬಂದಾಗ ಸೂಗಮ್ಮನ ದನಿ ಸಣ್ಣದಾಯಿತು. ತುಪ್ಪದ ಸೌಟಿನ ಹತ್ತಿರ ನಿಂತೇಹೋಯಿತು.

ಡಾಕ್ಟರಮ್ಮ ಕಾಗದವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಮಳಿ ಹೊಡದ ದಿನ ಕಾಲುವಿ ನೀರು ಕೆಂಪಗಿರತೈತ್ರಿ ಅಮ್ಮ. ಅವತ್ತ ಒಂದ ದಿನ ನೋಡಿ, ಈ ಕಾಲುವಿ ಯಾವಾಗಲೂ ಹಿಂಗ ಅನ್ನಾಕ ಬರಂಗಿಲ್ಲ. ಉಂಡು ಎರಡು ಮೂರು ತಾಸಿಗೆ ತಗೊಂಡ ರಕ್ತ ಇದು. ಒಂದಿನ ಬಿಟ್ಟು ಖಾಲಿ ಹೊಟ್ಟಿಲೆ ಇನ್ನೊಮ್ಮೆ ನೋಡಬೇಕಾಗಿತ್ತು. ಮತ್ತ ಮಾಡಿಸಿದ್ರೇನು?"

"ಇಲ್ರಿ. ಅವರು ಅಂದ್ರು, ಸಿಂಧನೂರಿಗೆ ಹೋಗಿ ಇನ್ನೊಮ್ಮೆ ತೋರಿಸೋಣು ಅಂತ. ನಾನ ಬ್ಯಾಡ ಅಂದೆ. ಇಷ್ಟು ಸಾಫ್ ಕಾಣತೈತಿ, ಮತ್ಯಾಕ ಚುಚ್ಚಿಸಿಕೊಳ್ಳೋದು ಅಂದೆ." ಸೂಗಮ್ಮ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು. "ಇದು ಯಾಕ ಬಿಟ್ಟಾರ್ರಿ?"

"ಎಲ್‌ಡಿಎಲ್‌ನ ಉಳಿದ ಸಂಖ್ಯಾದ ಮ್ಯಾಲಿಂದ ಲೆಕ್ಕ ಹಾಕಿ ಬರೀತಾರ್ರಿ. ಟ್ರೈಗ್ಲಿಸರೈಡ್ ನಾನೂರು ದಾಟಿದ್ರ ಆ ಲೆಕ್ಕ ಹೊಂದಂಗಿಲ್ಲ. ಅದಕ್ಕ ಖಾಲಿ ಬಿಟ್ಟಾರ. ಮತ್ತೇನಿಲ್ಲ."

"ಮತ್ತೇನಿಲ್ಲೇನ್ರಿ?"

"ಮತ್ತೇನಿಲ್ಲ."

ಹೊರಗಿನಿಂದ ಮುಂದಿನವರ ಹೆಸರು ಕೂಗಿದರು. ಡಾಕ್ಟರಮ್ಮ ಬಾಗಿಲ ಕಡೆ ಕೈ ಎತ್ತಿ, ತಡಿ ಎಂದು ಸನ್ನೆ ಮಾಡಿದಳು. "ಅವರು ಎದೆ ನೋವಿನಿಂದ ಹೋದ್ರೇನ್ರಿ?"

"ಇಲ್ರಿ. ಡೆಂಗಿ ಜ್ವರ. ಮಳಿಗಾಲದಾಗ."

"ಹಂಗಾರ ತುಪ್ಪಕ್ಕೂ ಅದಕ್ಕೂ ಸಂಬಂಧ ಇಲ್ರಿ. ನೀವು ತುಪ್ಪ ಕಡಿಮಿ ಮಾಡಿದ್ರಿಂದ ಅವರಿಗೇನು ಕೆಡಕು ಆಗಿಲ್ಲ. ಅಷ್ಟು ಬಿಗಿ ಬೇಕಿತ್ತೋ ಇಲ್ಲೋ, ಈ ಕಾಗದದಿಂದ ನಾ ಹೇಳಾಕ ಬರಂಗಿಲ್ಲ. ಯಾರಿಗೂ ಬರಂಗಿಲ್ಲ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಬಸ್ಸಿನಲ್ಲಿ ಮಸ್ಕಿಗೆ ಮರಳುವಾಗ ಸೂಗಮ್ಮನನ್ನು ಕಾಡಿದ್ದು ಗಂಡನ ತಾಟೊಂದೇ ಅಲ್ಲ. ಆ ತಾಟಿಗೆ ತುಪ್ಪ ಸುರಿಯಲು ಬಂದ ಇನ್ನೊಂದು ಕೈಯೂ ಕಾಡಿತು.

ಅಮರಗುಂಡಪ್ಪನಿಗೆ ಒಬ್ಬಳೇ ಅಕ್ಕ, ಬಸವಣ್ಣೆಮ್ಮ. ಸಂತೆಕಲ್ಲೂರಿನಲ್ಲಿ ಎಮ್ಮೆ ಕಟ್ಟಿಕೊಂಡು ಮಗನ ಸಂಸಾರದ ಜೊತೆ ಇರುವವಳು. ತಾಯಿ ಬೇಗ ಹೋಗಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿದವಳೂ ಅವಳೇ, ಉಣ್ಣಿಸಿದವಳೂ ಅವಳೇ. ಬೆಣ್ಣೆ ಕಾಸಿದಾಗಲೆಲ್ಲ ಒಂದು ಸ್ಟೀಲಿನ ಡಬ್ಬಿಯಲ್ಲಿ ತುಪ್ಪ ತುಂಬಿ, ಆ ದಾರಿಯಲ್ಲಿ ಟಂಟಂ ಆಟೋ ಓಡಿಸುವ ಬಾಬುಸಾಬನ ಕೈಲಿ ಮಸ್ಕಿಗೆ ಕಳಿಸುತ್ತಿದ್ದಳು. ಬಾಬುಸಾಬ್ ಅದಕ್ಕೆ ಬಾಡಿಗೆ ಕೇಳಿದವನಲ್ಲ. ಡಬ್ಬಿ ಅಲುಗಾಡದಂತೆ ತನ್ನ ಟವೆಲ್ಲು ಸುತ್ತಿ ತರುತ್ತಿದ್ದ. ಅಮರಗುಂಡಪ್ಪ ಅಂಗಡಿ ಬಿಟ್ಟು ಕ್ರಾಸಿಗೆ ತಾನೇ ಹೋಗಿ ಇಸಿದುಕೊಳ್ಳುತ್ತಿದ್ದ. ಮನೆ ಮುಟ್ಟುವವರೆಗೆ ಅವನಿಗೆ ತಾಳ್ಮೆ ಇರುತ್ತಿರಲಿಲ್ಲ. ಬೀದಿಯಲ್ಲೇ ಮುಚ್ಚಳ ತೆಗೆದು ಮೂಸಿ ನೋಡಿ, ಮುಚ್ಚಿಕೊಂಡು ಬರುತ್ತಿದ್ದ.

ಕಾಗದ ಬಂದ ಮೇಲೆ ಸೂಗಮ್ಮ ಡಬ್ಬಿ ತಿರುಗಿಸಿ ಕಳಿಸಿದಳು. ಬಸವಣ್ಣೆಮ್ಮ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಅವಳ ಮೊಮ್ಮಗನ ತೊಟ್ಟಿಲು ಕಾರ್ಯದಲ್ಲಿ ಹೋಳಿಗೆ ಊಟ. ತಮ್ಮನ ತಾಟಿಗೆ ತುಪ್ಪ ಹಾಕುವುದು ಅಕ್ಕನದೇ ಹಕ್ಕು. ಬೇರೆ ಯಾರೂ ಆ ಗಿಂಡಿ ಮುಟ್ಟುವಂತಿರಲಿಲ್ಲ. ಬಸವಣ್ಣೆಮ್ಮ ಗಿಂಡಿ ಹಿಡಿದು ಬಾಗಿದಳು. ಹೆಂಗಸರ ಸಾಲಿನಿಂದ ಎದ್ದು ಬಂದ ಸೂಗಮ್ಮ ಗಂಡನ ತಾಟಿಗೆ ಕೈ ಅಡ್ಡ ಹಿಡಿದಳು. ತುಪ್ಪ ಅವಳ ಮುಂಗೈ ಮೇಲೆ ಬಿತ್ತು.

"ಅಕ್ಕಾರ, ನಿಮ್ಮ ತುಪ್ಪಾನ ಇವರ ರಕ್ತ ಕೆಡಿಸೈತಿ. ಇನ್ನೂ ಹಾಕಬೇಕಂತೀರೇನು?"

ಪಂಕ್ತಿಯಲ್ಲಿ ಕೂತವರೆಲ್ಲ ಇತ್ತ ತಿರುಗಿದರು. ಅಮರಗುಂಡಪ್ಪ ತಲೆ ತಗ್ಗಿಸಿ ಒಣ ಹೋಳಿಗೆ ಮುರಿದ. ಬಸವಣ್ಣೆಮ್ಮ ಗಿಂಡಿ ತಗೊಂಡು ಒಳಗೆ ಹೋದವಳು ಊಟ ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಆಮೇಲೆ ಅವನು ತೀರಿಕೊಂಡ. ಮಣ್ಣಿಗೆ ಬಂದ ಬಸವಣ್ಣೆಮ್ಮ ಅಡುಗೆಮನೆಯ ಮೂಲೆಯಲ್ಲಿ ಅಶ್ವಿನಿಯ ಕೈ ಹಿಡಿದು, "ಜ್ವರ ಎಲ್ಲಾರಿಗೂ ಬರತಾವ. ನನ್ನ ತುಪ್ಪ ಅವನ ರಕ್ತಾನ ಮೊದಲ ಹಾಳು ಮಾಡಿಟ್ಟಿತ್ತು. ಅದಕ್ಕ ತಡಕೊಳ್ಳಲಿಲ್ಲ ನೋಡವ್ವ" ಎಂದು ಅತ್ತಿದ್ದಳು. ಬಾಗಿಲಲ್ಲಿ ನಿಂತ ಸೂಗಮ್ಮ ಅದನ್ನು ಕೇಳಿಸಿಕೊಂಡಿದ್ದಳು. ಅಲ್ಲ ಅನ್ನಲಿಲ್ಲ. ಆಗ ಅವಳೂ ಹಾಗೇ ನಂಬಿದ್ದಳು.

"ಫೋನ್ ಹಚ್ಚಿ ಹೇಳಿಬಿಡ್ರಿ ಅತ್ತೀ," ಎಂದಳು ಅಶ್ವಿನಿ, ಬಸ್ಸು ಇಳಿಯುವಾಗ. ಅತ್ತೆಯ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಾಕು ಮಂದಿ ಮುಂದ ಅಂದ ಮಾತದು. ಫೋನಿನ್ಯಾಗ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ ಬೇ."

ಮರುದಿನ ಸಂತೆಕಲ್ಲೂರಿಗೆ ಹೊರಟು ಕ್ರಾಸಿಗೆ ಬಂದ ಅವಳನ್ನು ಕಂಡು ಬಾಬುಸಾಬ್ ಮುಂದಿನ ಸೀಟಿನಲ್ಲಿದ್ದ ಹುಡುಗನನ್ನು ಹಿಂದಕ್ಕೆ ಕಳಿಸಿ, ಸೀಟಿನ ಮೇಲೆ ಟವೆಲ್ಲು ಹಾಸಿದ. ಅವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಅಮ್ಮಾ. ಸಾವಕಾರ್ರೂ ಇಲ್ಲೇ ಕುಂದ್ರತಿದ್ರು. ಹಿಂದ ಜಗ್ಗಿ ಜಾಗ ಇದ್ರೂ, ನಂಗ ಹೊಲ ಕಾಣಬೇಕು ಬಾಬೂ ಅಂತಿದ್ರು."

ಸೂಗಮ್ಮ ಹತ್ತಿ ಕೂತಳು. ತುಪ್ಪ ಬಂದ್ ಮಾಡಿದ ಆ ಎರಡು ವರ್ಷ ಅಮರಗುಂಡಪ್ಪ ಆಗಾಗ ಸಂತೆಕಲ್ಲೂರಿಗೆ ಹೋಗುತ್ತಿದ್ದ. ಅಂಗಡಿ ಕೆಲಸ ಅನ್ನುತ್ತಿದ್ದ. ಕದ್ದು ತುಪ್ಪ ತಿನ್ನಲಿಕ್ಕೇ ಹೋಗುತ್ತಾನೆ ಎಂದು ಅವಳ ಗುಮಾನಿ. ಬಂದ ಕೂಡಲೇ ಚುಚ್ಚುತ್ತಿದ್ದಳು, "ಏನ್ರಿ, ಅಕ್ಕನ ಮನ್ಯಾಗ ಗಿಂಡಿಗಟ್ಟಲೆ ಕುಡದು ಬಂದ್ರೇನು?" ಅವನು ಸಣ್ಣಗೆ ನಕ್ಕು, "ಬೇಕಾರ ಬಾಯಿ ಮೂಸಿ ನೋಡು" ಅನ್ನುತ್ತಿದ್ದ. ಈಗ ದಾರಿಯ ಎರಡೂ ಕಡೆ ಜೋಳದ ಹೊಲ ತೆನೆ ಹಿಡಿದು ನಿಂತಿತ್ತು. ಕದ್ದಾದರೂ ತಿಂದಿದ್ದರೆ ಸಾಕಾಗಿತ್ತು ದೇವರೇ ಎಂದು ಇವತ್ತು ಅವಳಿಗೆ ಅನಿಸಿತು. ದಾರಿಯುದ್ದಕ್ಕೂ ಅದನ್ನೇ ಬೇಡಿಕೊಂಡು ಹೋದಳು.

ಬಸವಣ್ಣೆಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಬಂದವಳನ್ನು ಕಂಡು ಮೊರ ಕೆಳಗಿಟ್ಟಳು, ಎದ್ದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಅಂಜಿಕೆ ಇತ್ತು.

"ಸೂಗೂ? ಒಬ್ಬಾಕೀನ ಬಂದೀಯೇನು? ಮನ್ಯಾಗ ಎಲ್ಲಾರೂ ಚಲೋ ಅದಾರಿಲ್ಲೋ?"

"ಚಲೋ ಅದಾರ್ರಿ ಅಕ್ಕಾರ. ನಿಮ್ಮ ಕೂಡ ಒಂದು ಮಾತು ಆಡೋದಿತ್ತು."

"ಮೊದಲು ನೀರು ಕುಡಿ. ಬಿಸಲಾಗ ಬಂದೀದಿ."

ನೀರು ಕುಡಿದು, ಒಳಗೆ ಒಲೆಯ ಹತ್ತಿರ ಕೂತು, ಸೂಗಮ್ಮ ಹೇಳಿದಳು. ಮಠದ ಹುಗ್ಗಿ, ತಾನೇ ಹಾಕಿಸಿದ ಸೌಟು, ತಡವಾಗಿ ಬಂದ ಗಾಡಿ, ಕೆಂಪು ನೀರಿನ ಕಾಲುವೆ, ಖಾಲಿ ಬಿಟ್ಟ ಸಾಲು. ಎಲ್ಲಿಯೂ ತನ್ನನ್ನು ಉಳಿಸಿಕೊಳ್ಳಲು ನೋಡಲಿಲ್ಲ. ಕೊನೆಗೆ, "ನಿಮ್ಮ ತುಪ್ಪದಿಂದ ಅವರಿಗೆ ಏನೂ ಆಗಿಲ್ಲರಿ ಅಕ್ಕಾರ. ಡಾಕ್ಟರ್ ಅಂದಾರ. ಅವತ್ತು ನಾ ಅಂದದ್ದು ಸುಳ್ಳು. ನಾ ತಿಳೀದ ಅಂದೆ" ಎಂದು ಅವಳ ಕಾಲು ಮುಟ್ಟಲು ಬಾಗಿದಳು.

ಬಸವಣ್ಣೆಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಒಂದು ಕಟ್ಟಿಗೆ ಚೂರಿನಿಂದ ಒಲೆಯ ಬೂದಿ ಕೆದಕತೊಡಗಿದಳು. ಈ ಮಾತು ಕೇಳಿದರೆ ಅಕ್ಕನ ಎದೆ ಹಗುರಾಗುತ್ತದೆ ಎಂದುಕೊಂಡು ಬಂದಿದ್ದ ಸೂಗಮ್ಮನಿಗೆ ಆ ಮುಖ ನೋಡಿ ಭಯವಾಯಿತು.

"ಅವ ಇಲ್ಲೇ ಕುಂದ್ರತಿದ್ದ," ಎಂದಳು ಬಸವಣ್ಣೆಮ್ಮ. "ಈಗ ನೀ ಕುಂತೀಯಲ್ಲ, ಅಲ್ಲೇ. ಬಂದಾಗೊಮ್ಮೆ ಕೇಳತಿದ್ದ. ಅಕ್ಕಾ, ಬಿಸಿ ರೊಟ್ಟಿ ಮ್ಯಾಲ ಒಂದ ಚಮಚ ಹಾಕು, ಸೂಗೂಗ ಹೇಳಂಗಿಲ್ಲ ಅಂತಿದ್ದ. ಸಣ್ಣ ಹುಡುಗ ಕೇಳಿದಂಗ ಕೇಳತಿದ್ದ."

"ಹಾಕಿದ್ರಿಲ್ಲ ಅಕ್ಕಾರ? ಒಮ್ಮೆರ ಹಾಕಿದ್ರಿಲ್ಲ?"

"ಎಲ್ಲಿ ಹಾಕಲೇ? ನಾ ಓದಿಲ್ಲ, ಬರದಿಲ್ಲ. ನೀ ಓದಿದಾಕಿ. ನಾಕು ಮಂದಿ ಮುಂದ ಅಂದೀದಿ ಅಂದ್ರ ಖರೇನ ಇರಬೇಕು ಅಂದುಕೊಂಡೆ. ಗಿಂಡಿ ಆ ನೆಲುವಿನ ಮ್ಯಾಲ ಇರತಿತ್ತು. ಅವ ಅದನ್ನ ನೋಡತಿದ್ದ, ನಾ ಒಲಿ ನೋಡತಿದ್ದೆ. ಶೇಂಗಾ ಹಿಂಡಿ ಹಚ್ಚಿ ಒಣಾ ರೊಟ್ಟಿ ಕೊಡತಿದ್ದೆ. ಅದನ್ನ ತಿಂದು, ಚಲೋ ಆಗೈತಿ ಅಕ್ಕಾ ಅಂತಂದು ಹೋಗತಿದ್ದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಒಂದ ಸಲ ಕೈ ಅಡ್ಡ ಹಿಡದಿ ಸೂಗೂ. ನಾ ಬಂದಾಗೊಮ್ಮೆ ಹಿಡದೀನಿ."

ಸೂಗಮ್ಮ ದಾರಿಯುದ್ದಕ್ಕೂ ಬೇಡಿಕೊಂಡದ್ದಕ್ಕೆ ಉತ್ತರ ಸಿಕ್ಕಿತ್ತು. ಬಾಯಿ ಮೂಸಿ ನೋಡು ಅಂದವನ ಬಾಯಲ್ಲಿ ಬರೀ ಶೇಂಗಾ ಹಿಂಡಿಯ ಖಾರ ಇತ್ತು. ಅವಳು ಒಮ್ಮೆಯೂ ಮೂಸಿ ನೋಡಿರಲಿಲ್ಲ.

ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ. ಪಕ್ಕದ ಮನೆಯ ಹಸೀನಾಬೀ ಮೊಸರು ಕೇಳಲು ಬಂದವಳು ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು. ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ಹೊರಡುವಾಗ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದು ಹೋದಳು.

ಕೊನೆಗೆ ಬಸವಣ್ಣೆಮ್ಮನೇ ಎದ್ದಳು. ಒಲೆ ಹೊತ್ತಿಸಿದಳು, ಹಿಟ್ಟು ನಾದಿದಳು, ರೊಟ್ಟಿ ಬಡಿದಳು. ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ ಸೂಗಮ್ಮನ ಮುಂದಿಟ್ಟು, ನೆಲುವಿನಿಂದ ಗಿಂಡಿ ಇಳಿಸಿದಳು. ಸೂಗಮ್ಮನ ಕೈ ರೂಢಿಯಿಂದ ತಾನೇ ಮೇಲೆದ್ದಿತು. ಅರ್ಧಕ್ಕೆ ನಿಂತು ತೊಡೆಯ ಮೇಲೆ ಬಿತ್ತು.

ಬಸವಣ್ಣೆಮ್ಮನೂ ಬಗ್ಗಿದವಳು ಹಾಗೇ ನಿಂತಳು. "ನಿನ್ನ ರಕ್ತಾನೂ ತೋರಿಸಿದ್ಯಲ್ಲ. ಡಾಕ್ಟರಮ್ಮ ನಿನಗೇನಂದ್ಲು?"

"ನನಗ ಹೂಳು ಜಾಸ್ತಿ ಐತಂತ್ರಿ. ಗುಳಗಿ ಕೊಟ್ಟಾಳ. ಖಾಲಿ ಹೊಟ್ಟಿಲೇ ಕೊಟ್ಟಿದ್ದೆ, ಇದು ಖರೇ ಐತಿ."

"ನಿನ್ನ ಅಂದಾಜು ಬ್ಯಾಡ. ಆಕಿ ಏನಂದ್ಲು ಅದನ್ನ ಹೇಳು. ತುಪ್ಪ ಎಷ್ಟಂದ್ಲು?"

"ಒಂದು ಸಣ್ಣ ಚಮಚ."

ಬಸವಣ್ಣೆಮ್ಮ ಗೂಡಿನಲ್ಲಿ ಹುಡುಕಿ ಮೊಮ್ಮಗನಿಗೆ ಔಷಧಿ ಕುಡಿಸುವ ಚಮಚ ತಂದಳು. ಅಳೆದು ಒಂದೇ ಒಂದು ಹಾಕಿದಳು. ತನಗೂ ಒಂದು ರೊಟ್ಟಿ ಹಾಕಿಕೊಂಡು ಗಿಂಡಿಯನ್ನು ದೂರ ಸರಿಸಿದಾಗ ಸೂಗಮ್ಮ ಅದನ್ನು ಎಳೆದುಕೊಂಡಳು.

"ನೀವು ಹಾಕ್ಕೊಳ್ಳಂಗಿಲ್ಲೇನ್ರಿ?"

"ಅವ ಹೋದಮ್ಯಾಲ ನಾ ಮುಟ್ಟಿಲ್ಲ. ಕಾಸಿದ್ದೆಲ್ಲ ಮಾರತೀನಿ."

ಸೂಗಮ್ಮ ಗಿಂಡಿ ಬಗ್ಗಿಸಿದಳು. ಬಸವಣ್ಣೆಮ್ಮ ಬೇಡ ಅನ್ನಲಿಲ್ಲ. ಆದರೆ ತಿನ್ನುವುದು ಅವಳಿಗೆ ಸುಲಭವಾಗಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

ಸಂಜೆ ಬಾಬುಸಾಬನ ಹಾರ್ನು ಕೇಳಿಸಿದಾಗ ಅವಳು ಆ ಹಳೆಯ ಸ್ಟೀಲಿನ ಡಬ್ಬಿ ತಂದು ಸೂಗಮ್ಮನ ಕೈಗೆ ಕೊಟ್ಟಳು. "ಹುಡುಗರಿಗೆ. ನಿನಗ ಆಕಿ ಅಂದಷ್ಟ. ಆ ಚಮಚಾನೂ ಒಳಗ ಇಟ್ಟೀನಿ, ನಾ ಮೊಮ್ಮಗನಿಗೆ ಬ್ಯಾರೆ ತಗೊಂತೀನಿ."

ಬಾಬುಸಾಬ್ ಡಬ್ಬಿ ಕಂಡು ಟವೆಲ್ಲು ಕೊಟ್ಟ. ಸೂಗಮ್ಮ ಅದನ್ನು ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಮಸ್ಕಿ ಕ್ರಾಸಿನಲ್ಲಿ ಇಳಿದು ಮನೆಯ ಕಡೆ ನಡೆಯುವಾಗ, ಬಜಾರಿನ ತಿರುವಿನಲ್ಲಿ ಅವಳ ಕಾಲುಗಳು ನಿಂತವು. ಮಗ ಶಿವಕಾಂತ ಅಂಗಡಿಯ ದೀಪ ಹಾಕುತ್ತಿದ್ದ, ಇತ್ತ ನೋಡಲಿಲ್ಲ. ಸೂಗಮ್ಮ ಟವೆಲ್ಲು ಸರಿಸಿ, ಬೀದಿಯಲ್ಲೇ ಮುಚ್ಚಳ ತೆಗೆದು ಮೂಸಿ ನೋಡಿದಳು. ಮುಚ್ಚಳ ಮತ್ತೆ ಕೂರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.